ಆಲಿಕಲ್ಲು ಬಿದ್ದು ಜನ ಸಾಯ್ತಾರಾ?

ಪ್ರಶ್ನೆ: ಸರ್, ಮೊನ್ನೆ ನಮ್ಮೂರಲ್ಲಿ ಆಲಿಕಲ್ಲು ಮಳೆ ಬಂತು. ಮಕ್ಕಳೆಲ್ಲಾ ಪಾತ್ರೆ ಹಿಡ್ಕೊಂಡು ಅಂಗಳಕ್ಕೆ ಓಡಿದ್ರು, ನಮ್ಮತ್ತೆ ಮಾತ್ರ ತಲೆ ಒಡೆದು ಜೀವ ಹೋಗುತ್ತೆ ಒಳಗೆ ಬನ್ರೋ ಅಂತ ಬೈತಿದ್ರು. ನಿಜವಾಗ್ಲೂ ಆಲಿಕಲ್ಲಿಗೆ ಯಾರಾದ್ರೂ ಸತ್ತಿದ್ದಾರಾ? ಅಷ್ಟು ಸೆಕೆಯಲ್ಲಿ ಐಸ್ ಬರೋದಾದ್ರೂ ಎಲ್ಲಿಂದ?
– ಓದುಗರೊಬ್ಬರು, ಚಿತ್ರದುರ್ಗ ಜಿಲ್ಲೆ

ಉತ್ತರ: ನಿಮ್ಮತ್ತೆ ಹೇಳಿದ್ದು ಸರೀನೇ ಇದೆ ಮೇಡಂ. ಆಲಿಕಲ್ಲಿಗೆ ಅತಿ ಹೆಚ್ಚು ಜನ ಸತ್ತ ದಾಖಲೆ ಇರೋದೇ ನಮ್ಮ ದೇಶದ್ದು. 1888ರ ಏಪ್ರಿಲ್ 30, ಉತ್ತರ ಪ್ರದೇಶದ ಮೊರಾದಾಬಾದ್ ಹತ್ರ, ನಮ್ಮ ರೈತರ ಲೆಕ್ಕದಲ್ಲಿ ಭರಣಿ ಮಳೆ ಟೈಮು ಅನ್ಕೊಳ್ಳಿ, ಕಿತ್ತಳೆ ಹಣ್ಣಿನಷ್ಟು, ಕ್ರಿಕೆಟ್ ಬಾಲಿನಷ್ಟು ದಪ್ಪದ ಕಲ್ಲು ಸುರಿದು 246 ಜನ ಸತ್ತೋದ್ರು, ವಿಶ್ವ ಹವಾಮಾನ ಸಂಸ್ಥೆ ಇವತ್ತಿಗೂ ಇದನ್ನೇ ದಾಖಲೆ ಅಂತ ಇಟ್ಕೊಂಡಿದೆ. ಸಾವಿರಕ್ಕೂ ಹೆಚ್ಚು ಕುರಿ ಮೇಕೆನೂ ಹೋದ್ವು. ಬಯಲಲ್ಲಿ ಸಿಕ್ಕಾಕೊಂಡೋರಿಗೆ ಓಡೋಕೆ ಜಾಗ ಇರ್ಲಿಲ್ಲ, ಅದನ್ನ ನೆನೆಸ್ಕೊಂಡ್ರೇ ಹೊಟ್ಟೆ ಉರಿಯುತ್ತೆ.

1986ರ ಏಪ್ರಿಲ್ 14ಕ್ಕೆ ಬಾಂಗ್ಲಾದೇಶದ ಗೋಪಾಲ್‌ಗಂಜ್‌ನಲ್ಲಿ ಬಿದ್ದ ಒಂದು ಕಲ್ಲು 1.02 ಕೆ.ಜಿ. ತೂಗ್ತಿತ್ತು. ಒಂದು ಕೆ.ಜಿ. ಸಕ್ಕರೆ ಪ್ಯಾಕೆಟ್ ಆಕಾಶದಿಂದ ಬಿದ್ದಂಗೆ! ಅಲ್ಲೂ 92 ಜನ ಸತ್ರು.

ಇನ್ನು ಸೆಕೆಗೂ ಐಸಿಗೂ ಇರೋ ಸಂಬಂಧ. ಆಲಿಕಲ್ಲಿಗೆ ಸೆಕೆನೇ ಬೇಕು. ಮಾರ್ಚಿಂದ ಮೇ ತನಕ ನೆಲ ಕಾದು ತೇವದ ಗಾಳಿ ರಭಸವಾಗಿ ಮೇಲಕ್ಕೆ ನುಗ್ಗುತ್ತೆ, ಹತ್ತು ಕಿಲೋಮೀಟರಿಗೂ ಎತ್ತರದ ಮೋಡ ಕಟ್ಟುತ್ತೆ, ಅಲ್ಲಿ ಸೊನ್ನೆಗಿಂತ ಕೆಳಗಿನ ಚಳಿಯಲ್ಲೂ ನೀರು ಹನಿಯಾಗೇ ಇರುತ್ತೆ, ಐಸಿನ ಚೂರು ಮುಟ್ಟಿದ ತಕ್ಷಣ ಅದಕ್ಕಂಟಿ ಹೆಪ್ಪುಗಟ್ಟುತ್ತೆ. ಕೆಳಗಿನ ಗಾಳಿ ಎತ್ತಿ ಹಿಡಿಯೋವಷ್ಟು ಹೊತ್ತು ಕಲ್ಲು ಬೆಳೀತಾನೇ ಇರುತ್ತೆ, ಭಾರ ತಡೀಲಾರದಾಗ ಬಿಡುತ್ತೆ. ಕ್ರಿಕೆಟ್ ಬಾಲ್ ಸೈಜಿಂದು ಗಂಟೆಗೆ 100 ಕಿಲೋಮೀಟರ್ ಆಸುಪಾಸಿನ ವೇಗದಲ್ಲಿ ಬಡಿಯುತ್ತೆ. ನಮ್ ಕಡೆ ಬೀಳೋದು ಹೆಚ್ಚಾಗಿ ಕಡಲೆಕಾಳು, ಗೋಲಿ ಸೈಜಿಂದು, ಆದ್ರೆ ಯಾವ ಮೋಡದಲ್ಲಿ ಎಂಥದ್ದಿದೆ ಅಂತ ಅಂಗಳದಲ್ಲಿ ನಿಂತೋರಿಗೆ ಗೊತ್ತಾಗಲ್ಲ. ಹೊಲದಲ್ಲಿದ್ರೆ ಬುಟ್ಟಿನೋ ಬಾಂಡ್ಲಿನೋ ತಲೆ ಮೇಲೆ ಮಗುಚ್ಕೊಳ್ಳಿ, ಮರದ ಕೆಳಗೆ ಮಾತ್ರ ಹೋಗ್ಬೇಡಿ, ಸಿಡಿಲಿರುತ್ತೆ.

ಮಳೆ, ಗುಡುಗು ಪೂರ್ತಿ ನಿಂತ ಮೇಲೆ ಮಕ್ಕಳನ್ನ ಬಿಡಿ. ದಪ್ಪದೊಂದು ಕಲ್ಲನ್ನ ನೀವೇ ಮಧ್ಯಕ್ಕೆ ಸೀಳಿ ತೋರಿಸಿ, ಈರುಳ್ಳಿ ಥರ ಒಂದು ಸುತ್ತು ಬೆಳ್ಳಗೆ ಒಂದು ಸುತ್ತು ಗಾಜಿನಂಗೆ ಕಾಣುತ್ತೆ, ಅದು ಮೋಡದೊಳಗೆ ಬೆಳೆದ ಗುರುತು. ನಿಮ್ಮತ್ತೆಗೂ ತೋರಿಸಿ.