ಅಡಿಕೆ ದುಡ್ಡಲ್ಲಿ ಮೂರನೇ ಜೀಪು

ಪ್ರಶ್ನೆ: ಹೊಸನಗರ ಕಡೆಯವನು, ಅಡಿಕೆ ತೋಟ ಇದೆ. ಹಳೇ ಜೀಪಿನ ಹುಚ್ಚು. ಮನೆಯಲ್ಲಿ ಎರಡಿವೆ, ಒಂದು ಓಡುತ್ತದೆ. ಈಗ ತೀರ್ಥಹಳ್ಳಿ ಹತ್ತಿರ 1970ರ ಮಹೀಂದ್ರ ಸಿಜೆ3ಬಿ ಜೀಪು ಸಿಕ್ಕಿದೆ, ಡೀಸೆಲ್ ಇಂಜಿನ್ ಕೂರಿಸಿದ್ದಾರೆ. ಹೆಂಡತಿಗೆ ಹೇಳದೆ ಮುಂಗಡ ಕೊಟ್ಟೆ. ಅವಳು ಮೂರು ವರ್ಷದಿಂದ ಅಡುಗೆಮನೆ ಮಾಡು ಸೋರುತ್ತಿದೆ ಅನ್ನುತ್ತಿದ್ದಾಳೆ. ‘ತೋಟದ ಕೆಲಸಕ್ಕೆ’ ಎಂದು ಹೇಳಿ ತಂದುಬಿಡಲೇ? 50 ವರ್ಷ ದಾಟಿದ ಗಾಡಿ, ಮುಂದೆ ವಿಂಟೇಜ್ ಬೆಲೆಯೂ ಬರುತ್ತದಲ್ವಾ?

ಉತ್ತರ: ಹಾಗೆ ಹೇಳಿ ತರಬೇಡಿ ಮಾರಾಯ್ರೇ. ಎರಡು ಜೀಪು ನೋಡಿದವರು ಮೂರನೆಯದು ಗೊಬ್ಬರ ಹೊರೋಕೆ ಬಂತು ಅಂದರೆ ನಂಬುತ್ತಾರಾ?

ಆಸೆ ಅರ್ಥವಾಗುತ್ತೆ. ಸಿಜೆ3ಬಿಯ ಆ ಎತ್ತರದ ಬಾನೆಟ್ ಅಂದಕ್ಕೆ ಮಾಡಿದ್ದಲ್ಲ, ಹರಿಕೇನ್ ಅನ್ನೋ ಪೆಟ್ರೋಲ್ ಇಂಜಿನ್ ಹಳೇ ಬಾನೆಟ್ ಕೆಳಗೆ ಹಿಡಿಸದೆ ಎತ್ತಿದ್ದು, ಆದರೂ ನೋಡಿದರೆ ಕಣ್ಣು ಕೀಳೋಕಾಗಲ್ಲ. ಅಮೆರಿಕದಲ್ಲಿ ಈ ಜೀಪಿನ ತಯಾರಿಕೆ 1968ಕ್ಕೆ ನಿಂತರೂ ನಮ್ಮಲ್ಲಿ ಮಹೀಂದ್ರ ಮಾಡುತ್ತಲೇ ಇತ್ತು. ಆದರೆ ನಿಮ್ಮ ಗಾಡಿಯಲ್ಲಿ ಆ ಇಂಜಿನ್ನೇ ಇಲ್ಲವಲ್ಲ! 2021ರ ನಿಯಮದ ಪ್ರಕಾರ ವಿಂಟೇಜ್ ಅನ್ನಿಸಿಕೊಳ್ಳೋಕೆ 50 ವರ್ಷ ಆದರೆ ಸಾಲದು, ಚಾಸಿಸ್, ಬಾಡಿ, ಇಂಜಿನ್ ಮೂಲದಂತೆಯೇ ಇರಬೇಕು. ಇದ್ದರೂ ಅದನ್ನು ದಿನಾ ಓಡಿಸುವಂತಿಲ್ಲ, ಪ್ರದರ್ಶನ, ರ‍್ಯಾಲಿ ಅಷ್ಟೇ. ಅಂದರೆ ಹೆಂಡತಿಗೆ ಹೇಳೋ ನೆಪ, ನಿಮಗೆ ನೀವೇ ಹೇಳಿಕೊಂಡ ನೆಪ, ಎರಡೂ ಒಂದೇ ಗಾಡಿಗೆ ಒಪ್ಪಲ್ಲ. ಆರ್‌ಸಿಯಲ್ಲಿ ಡೀಸೆಲ್ ಅಂತ ಏರಿಸಿದ್ದಾರಾ, ಇಂಜಿನ್ ನಂಬರ್ ತಾಳೆ ಆಗುತ್ತಾ, ಮೊದಲು ಅದನ್ನು ನೋಡಿ.

ಆಮೇಲೆ ಒಂದು ಸಣ್ಣ ಸುತ್ತಿಗೆ ತಗೊಂಡು ಜೀಪಿನ ಕೆಳಗೆ ಮಲಗಿ. ಹಿಂದಿನ ಸ್ಪ್ರಿಂಗ್ ಪಟ್ಟಿ ಚಾಸಿಸ್‌ಗೆ ಸೇರುವ ಜಾಗದಲ್ಲಿ ತಟ್ಟಿ. ಟಣ್ ಅಂದರೆ ಸರಿ, ಡಬ್ ಅಂದು ಕೆಂಪು ಹುಡಿ ಉದುರಿದರೆ ಎದ್ದು ಬನ್ನಿ. ನಮ್ಮ ಮಳೆಗೆ ತುಕ್ಕು ಒಳಗಿಂದ ತಿನ್ನುತ್ತೆ, ಮೇಲೆ ಹೊಸ ಪೇಂಟ್ ಹೊಳೆಯುತ್ತಿರುತ್ತೆ. ನಾನೂ ಒಮ್ಮೆ ಪೇಂಟ್ ನೋಡಿ ಮರುಳಾದವನೇ. ಹುಲಿಕಲ್ ಘಾಟಿಯಲ್ಲಿ ಬ್ರೇಕ್ ಒತ್ತಿದರೆ ಹಿಮ್ಮಡಿ ಫ್ಲೋರ್ ತೂರಿ ಕೆಳಗಿಳಿದಿತ್ತು. ಪಕ್ಕದಲ್ಲಿ ಕೂತಿದ್ದ ನಮ್ಮ ಮನೆಯವರು ಅದನ್ನು ಇವತ್ತಿಗೂ ಮದುವೆ ಮನೆಗಳಲ್ಲಿ ಹೇಳುತ್ತಾರೆ.

ಶೆಡ್ಡಲ್ಲಿ ನಿಂತ ಜೀಪು ಕೊಟ್ಟುಬಿಡಿ. ಆ ದುಡ್ಡಲ್ಲಿ ಅಡುಗೆಮನೆ ಮಾಡಿಗೆ ರೀಪು, ಪಕಾಸು, ಹಂಚು, ಜೂನ್ ಒಳಗೆ. ಉಳಿದರೆ ಇಬ್ಬರೂ ಹೋಗಿ ತೀರ್ಥಹಳ್ಳಿ ಗಾಡಿ ನೋಡಿ ಬನ್ನಿ. ಮುಂಗಡ ಎಷ್ಟು ಕೊಟ್ಟಿರಿ ಅಂತ ನನಗೂ ಬರೆದಿಲ್ಲ ನೀವು. ಅವರಿಗಾದರೂ ಹೇಳಿ, ಇವತ್ತೇ.