ವೆಂಬನ್ಯಾಮಾಗೆ ತಂಡದ ಗೆಲುವು ಮುಖ್ಯವೋ, ತನ್ನ ಅಂಕಿಗಳೋ?

ಗೆಲುವೇ ಮುಖ್ಯ ಅಂತ ನನಗನ್ನಿಸುತ್ತದೆ. ಏಳಡಿ ಮೀರಿದ ಈ ಫ್ರೆಂಚ್ ಬ್ಯಾಸ್ಕೆಟ್‌ಬಾಲ್ ಹುಡುಗನ ಆಟ ನೋಡಿಯೇ ಈ ಮಾತು ಹೇಳುತ್ತಿದ್ದೇನೆ.

2024ರ ಫೆಬ್ರವರಿಯಲ್ಲಿ ಲೇಕರ್ಸ್ ತಂಡದ ವಿರುದ್ಧ ಅವನು 27 ಪಾಯಿಂಟ್, 10 ರೀಬೌಂಡ್ (ಬುಟ್ಟಿಗೆ ಬೀಳದೆ ಮರಳಿದ ಚೆಂಡು ಹಿಡಿಯುವುದು), 8 ಅಸಿಸ್ಟ್ (ಜೊತೆಗಾರನಿಗೆ ಪಾಯಿಂಟ್ ತರುವ ಪಾಸ್), 5 ಸ್ಟೀಲ್ (ಎದುರಾಳಿಯಿಂದ ಚೆಂಡು ಕಸಿಯುವುದು), 5 ಬ್ಲಾಕ್ (ಎದುರಾಳಿಯ ಎಸೆತ ತಡೆಯುವುದು) ಗಳಿಸಿದ. ಐದರಲ್ಲೂ ಕನಿಷ್ಠ ಐದೈದು! ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ಇದು ತುಂಬಾ ಅಪರೂಪ. ಆದರೆ ಅವನ ತಂಡ ಸ್ಪರ್ಸ್ ಆ ಪಂದ್ಯ ಸೋತಿತು. ಆ ಸೀಸನ್ನಿನ 82 ಪಂದ್ಯಗಳಲ್ಲಿ ಗೆದ್ದದ್ದೇ 22. ಸೋಲುವ ತಂಡದಲ್ಲಿ ಸ್ಟಾರ್ ಆಟಗಾರನ ಅಂಕಿ ಜಾಸ್ತಿಯಾಗುವುದು ಸಹಜ, ಚೆಂಡು ಸದಾ ಅವನ ಕೈಗೇ ಬರುತ್ತದೆ ಅಲ್ವಾ? ಹಾಗಾಗಿ ಸುಮ್ನೆ ಅಂಕಿ ನೋಡಿದರೆ ಅವನ ಮನಸ್ಸು ಗೊತ್ತಾಗುವುದಿಲ್ಲ.

ಗೊತ್ತಾಗಿದ್ದು ಅದೇ ವರ್ಷದ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ. ಕ್ವಾರ್ಟರ್ ಫೈನಲ್‌ನಲ್ಲಿ ಕೆನಡಾ ವಿರುದ್ಧ ಅವನದು ಬರೀ 7 ಪಾಯಿಂಟ್. ಎಸೆದ ಚೆಂಡು ಬುಟ್ಟಿಗೆ ಬೀಳುತ್ತಲೇ ಇರಲಿಲ್ಲ. ಆದರೂ ಬೇಸರಪಟ್ಟು ಕೈಬಿಡಲಿಲ್ಲ. 12 ರೀಬೌಂಡ್ ಹಿಡಿದ, ಬುಟ್ಟಿಯ ಕೆಳಗೆ ಗೋಡೆಯಂತೆ ನಿಂತ. ಫ್ರಾನ್ಸ್ 82–73ರಿಂದ ಗೆದ್ದಿತು.

ಫೈನಲ್‌ನಲ್ಲಿ ಇದಕ್ಕೆ ತದ್ವಿರುದ್ಧ. ಅಮೆರಿಕದ ವಿರುದ್ಧ 26 ಪಾಯಿಂಟ್, ಅವರ ಸ್ಟಾರ್ ಆಟಗಾರ ಸ್ಟೀಫನ್ ಕರಿಗಿಂತಲೂ ಹೆಚ್ಚು. ಅಂಕಿಗಳಷ್ಟೇ ಬೇಕಿದ್ದವನಿಗೆ ಅದು ಹಬ್ಬದ ರಾತ್ರಿ. ಆದರೆ ಫ್ರಾನ್ಸ್ 98–87ರಿಂದ ಸೋತಿತ್ತು. ಇಪ್ಪತ್ತು ವರ್ಷದ ಆ ಹುಡುಗ ಅಂಗಳದಲ್ಲೇ ಅತ್ತುಬಿಟ್ಟ.