ಸಂಪಾದಕರ ಉತ್ತರ: ಚಿತ್ರಕ್ಕೆ ಹತ್ತು ರೂಪಾಯಿ

ಮಾನ್ಯರೇ,

ನಿಮ್ಮ ಆರು ವರ್ಷದ ಮಗಳು ಕೈಗೆ ಸಿಕ್ಕ ಕಾಗದದ ಮೇಲೆಲ್ಲ ಚಿತ್ರ ಬಿಡಿಸುತ್ತಿದ್ದಳೆಂದೂ, ಅವಳ ಹುಮ್ಮಸ್ಸು ಇನ್ನಷ್ಟು ಬೆಳೆಯಲೆಂದು ನೀವು ಒಂದೊಂದು ಚಿತ್ರಕ್ಕೆ ಹತ್ತು ರೂಪಾಯಿ ಕೊಡತೊಡಗಿದಿರೆಂದೂ, ಹಣ ನಿಲ್ಲಿಸಿದ ಮೇಲೆ ಅವಳು ಬಣ್ಣದ ಡಬ್ಬಿಯನ್ನೇ ಮುಟ್ಟುತ್ತಿಲ್ಲವೆಂದೂ ಬರೆದಿದ್ದೀರಿ. ‘ಮಗುವಿಗೆ ದುಡ್ಡಿನ ಆಸೆ ಹತ್ತಿಸಿಬಿಟ್ಟೆನೇ?’ ಎಂದು ಕೇಳಿದ್ದೀರಿ. ಆಸೆ ಹತ್ತಿತೆಂದು ನನಗನ್ನಿಸುವುದಿಲ್ಲ. ತಾನು ಏಕೆ ಚಿತ್ರ ಬಿಡಿಸುತ್ತೇನೆ ಎಂಬುದಕ್ಕೆ ಅವಳ ಮನಸ್ಸಿನಲ್ಲಿದ್ದ ಕಾರಣ ಬದಲಾಗಿರಬೇಕು.

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುವಿಹಾರದಲ್ಲಿ ಮಾರ್ಕ್ ಲೆಪರ್, ಡೇವಿಡ್ ಗ್ರೀನ್ ಮತ್ತು ರಿಚರ್ಡ್ ನಿಸ್ಬೆಟ್ ನಡೆಸಿ 1973ರಲ್ಲಿ ಪ್ರಕಟಿಸಿದ ಪ್ರಯೋಗ ನಿಮ್ಮ ಮನೆಯ ಕಥೆಯಂತೆಯೇ ಇದೆ. ಸ್ಕೆಚ್ ಪೆನ್ನುಗಳಿಂದ ಚಿತ್ರ ಬಿಡಿಸುವುದನ್ನು ತಾವಾಗಿಯೇ ಇಷ್ಟಪಡುತ್ತಿದ್ದ ಪುಟ್ಟ ಮಕ್ಕಳಲ್ಲಿ ಕೆಲವರಿಗೆ, ಚಿತ್ರ ಬಿಡಿಸಿದರೆ ಬಂಗಾರದ ನಕ್ಷತ್ರ ಮತ್ತು ಕೆಂಪು ರಿಬ್ಬನ್ ಇರುವ ಪ್ರಶಸ್ತಿಪತ್ರ ಕೊಡುವುದಾಗಿ ಮೊದಲೇ ಹೇಳಲಾಯಿತು; ಕೆಲವರಿಗೆ ಏನೂ ಹೇಳದೆ ಕೊನೆಯಲ್ಲಿ ಅದೇ ಪತ್ರವನ್ನು ಕೊಡಲಾಯಿತು; ಉಳಿದವರಿಗೆ ಏನೂ ಕೊಡಲಿಲ್ಲ. ಒಂದೆರಡು ವಾರಗಳ ನಂತರ ಬಿಡುವಿನ ವೇಳೆಯಲ್ಲಿ ಗಮನಿಸಿದಾಗ, ಮೊದಲ ಗುಂಪಿನವರು ಇತರರಿಗಿಂತ ಸುಮಾರು ಅರ್ಧದಷ್ಟು ಹೊತ್ತು ಮಾತ್ರ ಚಿತ್ರ ಬಿಡಿಸುತ್ತಿದ್ದರು. ಬಹುಮಾನಕ್ಕಾಗಿ ಬಿಡಿಸಿದ ಚಿತ್ರಗಳೂ ಗುಣದಲ್ಲಿ ಕಡಿಮೆಯೆಂದು ತೀರ್ಪುಗಾರರು ಕಂಡರು. ಎರಡನೆಯ ಗುಂಪಿನ ಮಕ್ಕಳಿಗೂ ಅದೇ ಪತ್ರ ಸಿಕ್ಕಿತ್ತು, ಆದರೆ ಅವರ ಆಸಕ್ತಿ ಕುಗ್ಗಲಿಲ್ಲ ಎಂಬುದನ್ನು ದಯವಿಟ್ಟು ಗಮನಿಸಿ. ಪತ್ರದಿಂದ ಕೆಡುಕಾಗಲಿಲ್ಲ, ‘ಇದನ್ನು ಮಾಡಿದರೆ ಅದನ್ನು ಕೊಡುತ್ತೇನೆ’ ಎಂಬ ಕರಾರಿನಿಂದ ಆಯಿತು.

ಮಿದುಳಿನೊಳಗೆ ಏನಾಗುತ್ತದೆಂದೂ ಕೇಳಿದ್ದೀರಿ. ಕೋತಿಗಳಿಗೆ ಹಣ್ಣಿನ ರಸ ಕೊಟ್ಟು ನರವಿಜ್ಞಾನಿ ವೊಲ್ಫ್ರಾಮ್ ಶುಲ್ಟ್ಸ್ ನಡೆಸಿದ ಅಧ್ಯಯನಗಳಲ್ಲಿ, ಅನಿರೀಕ್ಷಿತವಾಗಿ ರಸ ಸಿಕ್ಕಾಗ ನಡುಮಿದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕವನ್ನು ಹೊರಬಿಡುವ ನರಕೋಶಗಳು ಚುರುಕಾಗುತ್ತಿದ್ದವು. ದೀಪ ಹೊತ್ತಿದರೆ ರಸ ಬರುತ್ತದೆಂದು ಕಲಿತ ಮೇಲೆ ಅವು ದೀಪಕ್ಕೇ ಮಿಡಿದು ರಸಕ್ಕೆ ಸುಮ್ಮನಿರುತ್ತಿದ್ದವು. ದೀಪ ಹೊತ್ತಿಯೂ ರಸ ಬಾರದಿದ್ದರೆ, ಬರಬೇಕಿದ್ದ ಹೊತ್ತಿಗೆ ಸರಿಯಾಗಿ ಅವುಗಳ ಮಿಡಿತ ಮಾಮೂಲಿಗಿಂತ ಕೆಳಗಿಳಿಯುತ್ತಿತ್ತು. ಕೋತಿಯ ರಸದಿಂದ ಮಗುವಿನ ಚಿತ್ರಕ್ಕೆ ನೇರವಾಗಿ ಜಿಗಿಯುವುದು ಸರಿಯಲ್ಲ. ಆದರೂ, ನಿರೀಕ್ಷಿಸಿದ್ದು ತಪ್ಪಿದಾಗ ಮಿದುಳು ಅದನ್ನು ಕೊರತೆಯಾಗಿ ದಾಖಲಿಸುತ್ತದೆ ಎಂಬುದು ಇಲ್ಲಿ ನೆನೆಯಬೇಕಾದ ಮಾತು. ಮನುಷ್ಯರ ಮೇಲೆಯೇ ಕೋವು ಮುರಾಯಾಮ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದೆ: ಗಡಿಯಾರವನ್ನು ಸರಿಯಾಗಿ 5 ಸೆಕೆಂಡಿಗೆ ನಿಲ್ಲಿಸುವ ಆಟಕ್ಕೆ ಮೊದಲು ಹಣ ಕೊಟ್ಟು ಆಮೇಲೆ ನಿಲ್ಲಿಸಿದಾಗ, ಆ ಜನರು ಬಿಡುವಿನಲ್ಲಿ ಆಟವನ್ನು ಮುಟ್ಟುವುದು ಕಡಿಮೆಯಾಯಿತು, ಬಹುಮಾನಕ್ಕೆ ಮಿಡಿಯುವ, ಸ್ಟ್ರಯೇಟಮ್ ಎಂಬ ಮಿದುಳಿನ ಭಾಗದ ಸ್ಪಂದನೆಯೂ ಇಳಿಯಿತು.

ಹಾಗೆಂದು ಎಲ್ಲ ಬಹುಮಾನವೂ ಹಾನಿಯೆಂದು ನಾನು ಹೇಳಲಾರೆ. ಈ ವಿಚಾರದಲ್ಲಿ ಮನಶ್ಶಾಸ್ತ್ರಜ್ಞರ ನಡುವೆ ದಶಕಗಳ ವಾದವೇ ನಡೆದಿದೆ. ಮಗ್ಗಿ ಬಾಯಿಪಾಠದಂತೆ ಮಗುವಿಗೆ ಮೊದಲೇ ಒಲವಿಲ್ಲದ ಕೆಲಸದಲ್ಲಿ ಕಳೆದುಕೊಳ್ಳುವ ಆಸಕ್ತಿಯೇ ಇಲ್ಲದಿರುವುದರಿಂದ, ಅಲ್ಲಿ ಪುಟ್ಟ ಬಹುಮಾನ ನೆರವಾಗಬಹುದು. ಸ್ಟ್ಯಾನ್‌ಫರ್ಡಿನ ಪ್ರಯೋಗ ಅಳೆದದ್ದೂ ಒಂದೆರಡು ವಾರಗಳ ನಂತರದ ಸ್ಥಿತಿಯನ್ನು ಮಾತ್ರ. ಆಸಕ್ತಿ ಶಾಶ್ವತವಾಗಿ ಹೋಗುತ್ತದೆಂದು ಅದು ಹೇಳಿಲ್ಲ.

ಆದ್ದರಿಂದ ಹಣವನ್ನು ಮತ್ತೆ ಆರಂಭಿಸಬೇಡಿ, ಚಿತ್ರ ಬಿಡಿಸೆಂದು ಒತ್ತಾಯವನ್ನೂ ಮಾಡಬೇಡಿ. ಬಣ್ಣದ ಡಬ್ಬಿ ಅವಳ ಕಣ್ಣಿಗೆ ಬೀಳುವಲ್ಲಿಯೇ ಇರಲಿ. ಅವಳ ಹಳೆಯ ಚಿತ್ರಗಳನ್ನು ತೆಗೆದಿಟ್ಟಿದ್ದರೆ ಒಂದು ಸಂಜೆ ಅವಳ ಪಕ್ಕದಲ್ಲಿ ಕುಳಿತು ಅವನ್ನು ನೋಡಿ; ‘ಚೆನ್ನಾಗಿದೆ’ ಎಂದು ಅಂಕ ಕೊಡುವ ಬದಲು, ಈ ಮನೆಗೆ ಬಾಗಿಲು ಏಕಿಲ್ಲ, ಈ ಹಸು ನೀಲಿಯಾಗಿರುವುದೇಕೆ ಎಂದು ಕೇಳಿ, ಅವಳು ಹೇಳುವುದನ್ನು ಪೂರ್ತಿಯಾಗಿ ಕೇಳಿಸಿಕೊಳ್ಳಿ.

— ಸಂಪಾದಕ